ಸಹಾಯ ಬೇಕು: ಮೂರು ಹಲ್ಲಿನ ಮ್ಯೂಸಿಕ್ ನಿಬ್, ಅಕ್ಷರದ ಶುರುವಿನಲ್ಲೇ ಶಾಯಿ ಬರುತ್ತಿಲ್ಲ

ಜಪಾನಿನ ಕೈಕೆಲಸದ ಫೌಂಟನ್ ಪೆನ್ನು, ಸೆಕೆಂಡ್ ಹ್ಯಾಂಡ್. ಎಬೊನೈಟ್ (ಗಟ್ಟಿ ರಬ್ಬರ್) ಮೈ, ಮೇಲೆ ಉರುಶಿ (ಜಪಾನಿನ ಅರಗು) ಲೇಪ, 14 ಕ್ಯಾರೆಟ್ ಚಿನ್ನದ ಮ್ಯೂಸಿಕ್ ನಿಬ್ (ಸಂಗೀತದ ಸ್ವರಲಿಪಿ ಬರೆಯಲೆಂದು ಮಾಡಿದ ಅಗಲ ನಿಬ್; ಮೂರು ಹಲ್ಲು, ಎರಡು ಸೀಳು). ಒಮ್ಮೆ ಹರಿದರೆ ಗೆರೆ ತುಂಬಿಕೊಂಡೇ ಬರುತ್ತದೆ. ಆದರೆ ಪೆನ್ನೆತ್ತಿ ಮತ್ತೆ ಇಟ್ಟಾಗ ಮೊದಲ ಒಂದೆರಡು ಮಿಲಿಮೀಟರ್ ಖಾಲಿ. ಕನ್ನಡದಲ್ಲಿ ಒತ್ತು, ತಲೆಕಟ್ಟಿಗೆಲ್ಲ ಪೆನ್ನೆತ್ತಲೇಬೇಕಲ್ಲ, ಅಲ್ಲಿ ಎದ್ದು ಕಾಣುತ್ತದೆ.

ತಣ್ಣೀರಲ್ಲಿ ತೊಳೆದಾಗಿದೆ. ಬಿಸಿನೀರು, ಸ್ಪಿರಿಟ್ ಸಲಹೆ ದಯವಿಟ್ಟು ಬೇಡ, ಎಬೊನೈಟ್ ಮೈಗೆ ಒಳ್ಳೆಯದಲ್ಲ. ಕನ್ವರ್ಟರ್ (ಮತ್ತೆ ಮತ್ತೆ ಶಾಯಿ ತುಂಬುವ ಕೊಳವೆ) ತೆಗೆದು ಕಾರ್ಟ್ರಿಜ್ (ಶಾಯಿ ತುಂಬಿಯೇ ಬರುವ ಕೊಳವೆ) ಹಾಕಿದರೂ, ಹೆಚ್ಚು ಹರಿಯುವ ಶಾಯಿ ತುಂಬಿದರೂ ಅದೇ ಕಥೆ. 10 ಪಟ್ಟಿನ ಭೂತಗನ್ನಡಿ ಲೂಪ್‌ನಲ್ಲಿ ಬಲ ಸೀಳಿನಲ್ಲಿ ಬೆಳಕು ಕಾಣುತ್ತದೆ, ಎಡ ಸೀಳು ತುದಿಯಲ್ಲಿ ಪೂರ್ತಿ ಮುಚ್ಚಿದೆ. ತುಸು ಒತ್ತಿದರೆ ಬರೆಯುತ್ತದೆ. ಹಾಗಾಗಿ ಬಿಗಿ ಸೀಳು, ಇಲ್ಲವೇ ಅತಿಯಾಗಿ ಪಾಲಿಶ್ ಆಗಿ ಸೀಳಿನ ಒಳಅಂಚು ಉರುಟಾಗಿದೆ, ಎರಡೂ ಇರಬಹುದು.

ಎಡ ಸೀಳಿಗೆ 0.05 ಮಿ.ಮೀ. ಹಿತ್ತಾಳೆ ಶಿಮ್ (ತೆಳು ತಗಡು) ಹಾಕಿದರೆ ನಡುವಿನ ಹಲ್ಲು ಸರಿದು ಬಲ ಸೀಳು ಮುಚ್ಚಿಕೊಳ್ಳುತ್ತದಾ? ಎರಡಕ್ಕೂ ಒಟ್ಟಿಗೇ ಶಿಮ್ ಕೂರಿಸಬೇಕಾ? ಮೈಕ್ರೋಮೆಶ್ (ಬಹಳ ನಯವಾದ ಉಜ್ಜುಹಾಳೆ) ಕೊನೆಗೆ, ಉಜ್ಜಿದ ತುದಿ ವಾಪಸ್ ಬರುವುದಿಲ್ಲ.

ಬೆಂಗಳೂರಿನಲ್ಲಿ ಮೂರು ಹಲ್ಲಿನ ನಿಬ್ಬನ್ನೇ ತಿದ್ದಿ ಅಭ್ಯಾಸವಿರುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಮಾಮೂಲಿ ಎರಡು ಹಲ್ಲಿನ ಅನುಭವ ಇಲ್ಲಿ ಸಾಲದು.