ಎಫ್‌ಐಆರೋ ಎನ್‌ಸಿಯೋ: ‘ಏಳನೇ ಇಯತ್ತೆ’ ಗುಂಪಿನ ಜಗಳ

ಮುಂಬೈಯ ಮುನ್ಸಿಪಲ್ ಕನ್ನಡ ಶಾಲೆಯಲ್ಲಿ ಒಟ್ಟಿಗೆ ಓದಿದವರ ವಾಟ್ಸಾಪ್ ಗುಂಪು ನಮ್ಮದು. ಹೆಸರು ‘ಏಳನೇ ಇಯತ್ತೆ’, ಅಂದರೆ ಏಳನೇ ಕ್ಲಾಸು. ಎಲ್ಲರಿಗೂ ಈಗ ಅರವತ್ತರ ಆಸುಪಾಸು. ಬರುವುದೆಲ್ಲ ಗಣಪತಿ ಫೋಟೊ, ಊರಿನ ಕೋಲದ ವಿಡಿಯೊ, ಮೊಣಕಾಲು ನೋವಿನ ಮದ್ದು.

ಹೋದ ಭಾನುವಾರ ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟಿರುವ ಶೆಟ್ಟಿ ಒಂದು ಫಾರ್ವರ್ಡ್ ಹಾಕಿದ. ಬದ್ಲಾಪುರದ ಶಾಲೆಯಲ್ಲಿ ಪುಟ್ಟ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಆರೋಪಿಗೆ ಪೊಲೀಸರು ಗುಂಡು ಹೊಡೆದಾಗಿನ ಹಳೇ ಪೋಸ್ಟರ್. ‘ಕೋರ್ಟು ಬೇಡ, ವಕೀಲ ಬೇಡ. ಎಲ್ಲ ಕಡೆ ಹೀಗೇ ಆಗಲಿ. ಮನೆಯಲ್ಲಿ ಹೆಣ್ಣುಮಗಳಿದ್ದರೆ ಹತ್ತು ಜನರಿಗೆ ಕಳಿಸಿ.’ ಕೆಳಗೆ ಬೇರೆ ಯಾವುದೋ ಪ್ರಕರಣದ ಹುಡುಗಿಯ ಫೋಟೊ, ಹೆಸರಿನ ಸಮೇತ.

ಆಮೇಲೆ ನಡೆದದ್ದನ್ನು ಇಲ್ಲಿ ಹಾಕಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್‌ಗಳನ್ನು ತೆಗೆದಿದ್ದೇನೆ.

ಲೀಲಾ: ಶೆಟ್ಟಿ, ಮೊದಲು ಆ ಫೋಟೊ ಡಿಲೀಟ್ ಮಾಡು. ಎಲ್ಲರ ಫೋನಿಂದಲೂ.

ಶೆಟ್ಟಿ: ಯಾಕೆ ಮಾರಾಯ್ತಿ? ಅವಳಿಗೆ ನ್ಯಾಯ ಸಿಗಲಿ ಅಂತ ತಾನೇ ಹಾಕಿದ್ದು?

ಲೀಲಾ: ಅತ್ಯಾಚಾರಕ್ಕೆ ಒಳಗಾದವಳ ಹೆಸರು, ಗುರುತು ಹಂಚುವುದೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಎರಡು ವರ್ಷದ ತನಕ ಜೈಲು. ಕೋಲ್ಕತ್ತದ ಡಾಕ್ಟರ್ ಹುಡುಗಿಯ ಫೋಟೊ ಊರೆಲ್ಲ ಓಡಾಡಿದಾಗ ಸುಪ್ರೀಂ ಕೋರ್ಟೇ ತೆಗೆಸಬೇಕಾಯಿತು, 2024ರ ಆಗಸ್ಟ್‌ನಲ್ಲಿ.

ಕುಲಕರ್ಣಿ, ಪುಣೆ: ಹಾಸನದ ಪೆನ್‌ಡ್ರೈವ್ ಮರೆತೆಯೇನಪ್ಪ? ಮಾಡಿದವನಿಗೆ ಶಿಕ್ಷೆ ಆಯಿತು. ಆ ಹೆಂಗಸರ ಮುಖವನ್ನು ಊರೂರಿಗೆ ಹಂಚಿದವರು ಆರಾಮಾಗಿ ಇದ್ದಾರೆ.

ಶೆಟ್ಟಿ ತೆಗೆದ. ಐದೇ ನಿಮಿಷಕ್ಕೆ ಫೋಟೊ ಕತ್ತರಿಸಿ, ಗುಂಡಿನ ಭಾಗ ಮಾತ್ರ ಉಳಿಸಿಕೊಂಡು ಮತ್ತೆ ಹಾಕಿದ. ಹಟಮಾರಿ. ಶಾಲೆಯಲ್ಲೂ ಹಾಗೇ ಇದ್ದ.

ಶೆಟ್ಟಿ: ಈಗ ಹೇಳಿ. ನಿರ್ಭಯಾ ಪ್ರಕರಣ ನಡೆದದ್ದು 2012ರ ಡಿಸೆಂಬರ್. ಗಲ್ಲಾದದ್ದು 2020ರ ಮಾರ್ಚ್. ನಮ್ಮ ಮುಂಬೈಯ ಶಕ್ತಿ ಮಿಲ್ ಸಾಮೂಹಿಕ ಅತ್ಯಾಚಾರದ ಪ್ರಕರಣ 2013ರದ್ದು. ಮರುವರ್ಷ ಮೂವರಿಗೆ ಗಲ್ಲು ಅಂದರು, 2021ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಅದೇ ವರ್ಷ ವಿಧಾನಸಭೆಯಲ್ಲಿ ಇಂಥವರಿಗೆ ಗಲ್ಲಿನ ತನಕ ಶಿಕ್ಷೆ ಕೊಡುವ ಶಕ್ತಿ ಮಸೂದೆ ಅಂತ ಪಾಸು ಮಾಡಿದರು, ಅದು ಕಾನೂನಾಗಲೇ ಇಲ್ಲ. ನಾವು ಬಾಯಿ ಮುಚ್ಚಿಕೊಂಡು ಕೂರಬೇಕಾ?

ಇದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಅವನ ಸಿಟ್ಟು ಸುಳ್ಳಲ್ಲ. ಅವನು ಹೇಳಿದ ಒಂದು ವರ್ಷವೂ ತಪ್ಪಲ್ಲ.

ನಾನು: ಬದ್ಲಾಪುರ ನಿನ್ನ ಲೈನಿನಲ್ಲೇ ಇದೆ ಶೆಟ್ಟಿ, ನೆನಪು ಮಾಡಿಕೋ. ಶಿಶುವರ್ಗದ ಇಬ್ಬರು ಮಕ್ಕಳು. ಅಪ್ಪ ಅಮ್ಮ ದೂರು ಕೊಡಲು ಹೋದರೆ ಸ್ಟೇಷನ್‌ನಲ್ಲಿ ಹತ್ತಕ್ಕೂ ಜಾಸ್ತಿ ಗಂಟೆ ಕಾಯಿಸಿದರು. 2024ರ ಆಗಸ್ಟ್ 20ಕ್ಕೆ ಜನ ಹಳಿ ಮೇಲೆ ಕೂತರು, ದಿನವಿಡೀ ಲೋಕಲ್ ಓಡಲಿಲ್ಲ. ಕೂತವರ ಮೇಲೆ ಕೇಸು ಹಾಕಲು ಮಾತ್ರ ಪೊಲೀಸರಿಗೆ ಹೊತ್ತೇ ಬೇಕಾಗಲಿಲ್ಲ. ಮರುದಿನಕ್ಕೆ ಎಪ್ಪತ್ತಕ್ಕೂ ಜಾಸ್ತಿ ಜನ ಒಳಗೆ.

ಶೆಟ್ಟಿ: ಅದಕ್ಕೇ ಹೇಳಿದ್ದು, ಗುಂಡು ಹೊಡೆದದ್ದು ಸರಿ ಅಂತ.

ನಾನು: ಹೊಡೆದದ್ದು ಯಾರು? ಇದೇ ಪೊಲೀಸರು. ಸೆಪ್ಟೆಂಬರ್ 23ಕ್ಕೆ, ತಲೋಜಾ ಜೈಲಿನಿಂದ ಕರೆದುಕೊಂಡು ಬರುವಾಗ, ವ್ಯಾನಿನೊಳಗೆ. ಪಿಸ್ತೂಲು ಕಿತ್ತುಕೊಂಡ ಅಂದರು. ಮ್ಯಾಜಿಸ್ಟ್ರೇಟ್ ತನಿಖೆ ಅದನ್ನು ಒಪ್ಪಲಿಲ್ಲ. ಅವನ ಸಾವಿಗೆ ಐವರು ಪೊಲೀಸರೇ ಹೊಣೆ ಅಂತ 2025ರ ಜನವರಿಯಲ್ಲಿ ಹೈಕೋರ್ಟಿಗೆ ವರದಿ ಹೋಯಿತು. ಇನ್ನೊಂದು ಮಾತು. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಅನ್ನುವ ಆರೋಪ ಶಾಲೆಯ ಟ್ರಸ್ಟಿಗಳ ಮೇಲಿತ್ತು. ಅವರು ಸಿಕ್ಕಿದ್ದು ಅಕ್ಟೋಬರ್‌ನಲ್ಲಿ, ಆರೋಪಿ ಸತ್ತ ಮೇಲೆ. ಯಾರಿಗೆ ಏನು ಗೊತ್ತಿತ್ತು ಅಂತ ಅವನನ್ನು ಕೇಳುವ ಹಾಗಿಲ್ಲ ಈಗ.

ಗೌಡ, ಭಾಂಡೂಪ್: ಹೈದರಾಬಾದಿನಲ್ಲೂ ಇದೇ ಕಥೆ. 2019ರಲ್ಲಿ ಅತ್ಯಾಚಾರದ ನಾಲ್ವರು ಆರೋಪಿಗಳನ್ನು ಕೊಂದ ಪೊಲೀಸರ ಮೇಲೆ ಜನ ಹೂವು ಹಾಕಿದರು. ನಾನೂ ಸ್ಟೇಟಸ್ ಇಟ್ಟಿದ್ದೆ. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಏನು ಹೇಳಿತು? ಪೊಲೀಸರ ಕಥೆ ನಂಬುವಂಥದ್ದಲ್ಲ, ಕೊಲ್ಲಬೇಕು ಅಂತಲೇ ಹೊಡೆದದ್ದು ಅಂತ.

ಶೆಟ್ಟಿ: ಆಯೋಗ, ವರದಿ, ತನಿಖೆ. ಸತ್ತವರು ಒಳ್ಳೆಯವರಾ?

ನಾನು: ದೀಪಾವಳಿಯಲ್ಲಿ ಇದೇ ಗುಂಪಿನಲ್ಲಿ ನೀನು ಏನು ಬರೆದಿದ್ದೆ? ಚೌಕಿಯವರು ಪ್ಯಾಕೆಟ್ ಒಯ್ದರು, ಮೇಲೆ ನಾಲ್ಕು ಪಾರ್ಸಲ್ ಪುಕ್ಕಟೆ, ಎಲ್ಲ ಕಳ್ಳರು ಅಂತ. ಆ ಕಳ್ಳನ ಕೈಗೇ ಈಗ ನ್ಯಾಯಾಧೀಶನ ಕೆಲಸವನ್ನೂ ಕೊಡು ಅನ್ನುತ್ತೀಯಲ್ಲ.

ಶೆಟ್ಟಿ: ಹೋಟೆಲ್ ಹಫ್ತಾ ಬೇರೆ, ಇದು ಬೇರೆ.

ಇಲ್ಲೇ ನಮ್ಮ ಜಗಳದ ಗಂಟು ಇರುವುದು. ನನಗೆ ಅವು ಬೇರೆ ಬೇರೆ ಅಂತ ಅನಿಸುವುದೇ ಇಲ್ಲ. ಚಾಯ್‌ಪಾನಿ ಕೊಡುವ ಮೇಜು ಯಾವುದೋ, ದೂರು ಬರೆಸುವ ಮೇಜೂ ಅದೇ. ಲೀಲಾ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವಳು. ಉದ್ದ ಮೆಸೇಜ್ ಬರೆಯುವವಳೇ ಅಲ್ಲ. ಅವತ್ತು ಬರೆದಳು.

ಲೀಲಾ: ಕ್ಯಾಶುವಾಲ್ಟಿಯಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಹುಡುಗಿ ಸ್ಟೇಷನ್‌ಗೆ ಹೋದರೆ ಮೊದಲು ಕೂರಿಸುತ್ತಾರೆ. ಆಮೇಲೆ ಎನ್‌ಸಿ, ಅಂದರೆ ನಾನ್-ಕಾಗ್ನಿಜಬಲ್ ಅನ್ನುವ ಸಣ್ಣ ಅಪರಾಧದ ದೂರು, ಬರೆದು ಒಂದು ಚೀಟಿ ಕೊಡುತ್ತಾರೆ. ಮನೆಯವರು ಕೇಸು ದಾಖಲಾಯಿತು ಅಂದುಕೊಂಡು ವಾಪಸ್ ಹೋಗುತ್ತಾರೆ. ಎನ್‌ಸಿ ಅಂದರೆ ಕೋರ್ಟ್ ಹೇಳದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಎಫ್‌ಐಆರ್ ಆಗುವ ಹೊತ್ತಿಗೆ ಬಟ್ಟೆ ಒಗೆದಿರುತ್ತದೆ, ಹುಡುಗಿಗೆ ಸ್ನಾನ ಆಗಿರುತ್ತದೆ. ಆ ನಡುವಿನ ಹೊತ್ತಿನಲ್ಲೇ ‘ಸೆಟಲ್‌ಮೆಂಟ್’ ಮಾತಾಡುವವನು ಬರುತ್ತಾನೆ. ನಮ್ಮ ಕಡೆಯೂ ಸಾಚಾ ಅಲ್ಲ. ಪೊಲೀಸ್ ಚೀಟಿ ತಂದರೆ ಮಾತ್ರ ನೋಡುತ್ತೇವೆ ಅನ್ನುವ ಡಾಕ್ಟರುಗಳಿದ್ದಾರೆ. ಸರ್ಕಾರಿಯೋ ಖಾಸಗಿಯೋ, ಯಾವ ಆಸ್ಪತ್ರೆಯೂ ಹಾಗೆ ಹೇಳುವ ಹಾಗಿಲ್ಲ. ಮೊದಲು ಚಿಕಿತ್ಸೆ, ಅದೂ ಪುಕ್ಕಟೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ.

ಲೀಲಾ: ನರ್ಸ್ ಅರುಣಾ ಶಾನಭಾಗ್ ನಮ್ಮ ಹೊನ್ನಾವರದ ಹಳದೀಪುರದವಳು. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಆದದ್ದು. ಅವಳ ಮೇಲಾದ ಲೈಂಗಿಕ ದೌರ್ಜನ್ಯ ಕೇಸಿನಲ್ಲಿ ಬರಲೇ ಇಲ್ಲ, ಮರ್ಯಾದೆಯ ಪ್ರಶ್ನೆ ಅಂತ. ಹಲ್ಲೆ ಮಾಡಿದವನಿಗೆ ಆದದ್ದು ಕೊಲೆ ಯತ್ನ, ದರೋಡೆಗೆ ಏಳು ವರ್ಷ. ಅವಳು 2015ರ ಮೇ ತನಕ ಅದೇ ಹಾಸಿಗೆಯಲ್ಲಿದ್ದಳು. ಮೊದಲ ಕಾಗದದಲ್ಲಿ ಇಲ್ಲದ್ದು ಆಮೇಲೆ ಯಾವ ಕೋರ್ಟಿಗೂ ಸುಲಭಕ್ಕೆ ಕಾಣಿಸುವುದಿಲ್ಲ ಶೆಟ್ಟಿ.

ಕುಲಕರ್ಣಿ: ಕಾಗದ ಇದ್ದರೂ ಸಾಲದು. ನಮ್ಮ ಪುಣೆಯ ಪೋರ್ಶೆ ಕಾರಿನ ಪ್ರಕರಣ ನೋಡಿದಿರಲ್ಲ? ಕಾರು ಓಡಿಸಿದ ಹುಡುಗನ ರಕ್ತದ ಸ್ಯಾಂಪಲ್ ಬದಲಾಯಿಸಿದರು ಅಂತ ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳನ್ನೇ ಹಿಡಿದರು. ಅಪಘಾತದ ಕೇಸಿಗೇ ಹೀಗೆ. ಬಲಾತ್ಕಾರದ ಕೇಸಿನ ಸ್ಯಾಂಪಲ್‌ಗೆ ಎಷ್ಟು ರೇಟು ಕಟ್ಟಿಯಾರು! ಸ್ವಾರಗೇಟ್ ಡಿಪೋದಲ್ಲಿ ನಿಂತಿದ್ದ ಶಿವಶಾಹಿ ಬಸ್ಸಿನೊಳಗೆ ಆದದ್ದಂತೂ ಪೊಲೀಸ್ ಚೌಕಿಯ ಪಕ್ಕದಲ್ಲೇ.

ಅಡ್ಮಿನ್ ಕಾಮತ್: ದಯವಿಟ್ಟು ಗುಂಪಿನಲ್ಲಿ ರಾಜಕೀಯ ಬೇಡ 🙏

ಗೌಡ: ಈಗ ರಾಜಕೀಯ ಹೇಳುತ್ತೇನೆ ಕಾಮತ್, ತಡಿ. ಹೆಂಗಸರ ರಕ್ಷಣೆಗೆ ಅಂತ 2013ರ ಬಜೆಟ್‌ನಲ್ಲಿ ಸಾವಿರ ಕೋಟಿಯ ನಿರ್ಭಯಾ ನಿಧಿ ಮಾಡಿದರು. ಆ ದುಡ್ಡಿನಲ್ಲಿ 2022ರಲ್ಲಿ ಮುಂಬೈ ಪೊಲೀಸರು 220 ಬೊಲೆರೊ ಕೊಂಡರು. ಅದರಲ್ಲಿ 47 ಗಾಡಿ ಹೋದದ್ದು ಎಲ್ಲಿಗೆ? ಶಿವಸೇನೆಯ ಶಿಂದೆ ಬಣದ ಶಾಸಕರು, ಸಂಸದರ ಭದ್ರತೆಗೆ. ಆ ಡಿಸೆಂಬರ್‌ನ ಪೇಪರಿನಲ್ಲೇ ಬಂದಿತ್ತು.

ಶೆಟ್ಟಿ: ಇದು ನಿಜವಾ?

ಗೌಡ: ಪೇಪರಿನ ಫೋಟೊ ಹಾಕಲಾ?

ಇಷ್ಟು ಹೊತ್ತು ಶೆಟ್ಟಿಗೆ ಸಿಟ್ಟಿದ್ದದ್ದು ಕೋರ್ಟಿನ ಮೇಲೆ. ಬೊಲೆರೊ ಅವನಿಗೆ ಬೇರೆಯೇ ಜಾಗದಲ್ಲಿ ನಾಟಿತು. ಹೋಟೆಲ್‌ನವನಲ್ವಾ, ಒಂದು ಕೆಲಸಕ್ಕೆ ಅಂತ ಇಟ್ಟ ದುಡ್ಡು ಇನ್ನೊಂದಕ್ಕೆ ಹೋದರೆ ಹೊಟ್ಟೆ ಉರಿಯುತ್ತದೆ. ಬೈಗುಳ ಎರಡು ಬಂದವು. ಅವನ್ನು ಇಲ್ಲಿ ಬರೆಯುವುದಿಲ್ಲ.

ಕಾಮತ್ ಗುಂಪಿಗೆ ಬೀಗ ಹಾಕಿದ, ಅಡ್ಮಿನ್ ಮಾತ್ರ ಬರೆಯುವ ಹಾಗೆ. ಒಂದು ತಾಸಿಗೆ ಅವನ ಹೆಂಡತಿಯೇ ಬೈದಳಂತೆ, ತೆಗೆದ.

ಶೆಟ್ಟಿ: ಎಲ್ಲರೂ ಸೇರಿ ನನ್ನನ್ನು ತಪ್ಪು ಮಾಡಿದಿರಿ. ಸರಿ. ಹಾಗಾದರೆ ದೊಡ್ಡವರಿಗೆ ಶಿಕ್ಷೆ ಆದ ಒಂದೇ ಒಂದು ಕೇಸು ತೋರಿಸಿ ನೋಡೋಣ.

ಕುಲಕರ್ಣಿ: ಹಾಸನದ್ದೇ ಇದೆಯಲ್ಲ. ಆಗಿನ ಸಂಸದ, ಮಾಜಿ ಪ್ರಧಾನಿಯ ಮೊಮ್ಮಗ. ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹೋದ. 2024ರ ಮೇ ಕೊನೆಗೆ ಬಂದ, ವಿಮಾನ ನಿಲ್ದಾಣದಲ್ಲೇ ಹಿಡಿದರು. 2025ರ ಆಗಸ್ಟ್‌ನಲ್ಲಿ ಜೀವಾವಧಿ. ಮನೆಗೆಲಸದ ಹೆಂಗಸು ಹೇಳಿದ ಮಾತು ನಿಂತಿತು, ಅವಳ ಸೀರೆಯಲ್ಲಿ ಸಿಕ್ಕ ಡಿಎನ್‌ಎ ಸಾಕ್ಷಿಯಾಯಿತು. ಯಾರೂ ಗುಂಡು ಹೊಡೆಯಲಿಲ್ಲ.

ಶೆಟ್ಟಿ: ದೇಶವೆಲ್ಲ ನೋಡುತ್ತಿತ್ತು, ಅದಕ್ಕೆ ಆಯಿತು. ನನ್ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳ ಮಗಳಿಗೆ ಯಾವ ಟಿವಿ ಬರುತ್ತದೆ? ಅವಳ ದೂರು ಸ್ಟೇಷನ್‌ನವರು ಬರೆದುಕೊಳ್ಳದಿದ್ದರೆ?

ನಾನು ಟೈಪ್ ಮಾಡಿ ಅಳಿಸಿದೆ. ಇದು ಅವತ್ತಿನ ಎಲ್ಲ ಪ್ರಶ್ನೆಗಳಿಗಿಂತ ಒಳ್ಳೆಯ ಪ್ರಶ್ನೆ.

ಲೀಲಾ: ಎಲ್ಲೇ ಆದ ಅಪರಾಧವಿರಲಿ, ಯಾವ ಸ್ಟೇಷನ್‌ನಲ್ಲಾದರೂ ಜೀರೋ ಎಫ್‌ಐಆರ್ ಕೊಡಬಹುದು. ನಮ್ಮ ಹದ್ದು ಅಲ್ಲ ಅನ್ನುವ ಹಾಗಿಲ್ಲ. ಆಗಲೂ ಇಲ್ಲ ಅಂದರೆ ಡಿಸಿಪಿಗೆ ರಿಜಿಸ್ಟರ್ ಪೋಸ್ಟ್, ಆಮೇಲೆ ಮ್ಯಾಜಿಸ್ಟ್ರೇಟ್. ಅತ್ಯಾಚಾರದ ದೂರು ಬರೆದುಕೊಳ್ಳದ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷ ಜೈಲು, ಅದೇ ನ್ಯಾಯ ಸಂಹಿತೆಯ 199ನೇ ಸೆಕ್ಷನ್.

ಶೆಟ್ಟಿ: ಆ ಅಧಿಕಾರಿಯ ಮೇಲಿನ ಕೇಸು ಬರೆದುಕೊಳ್ಳುವವರು ಯಾರು? ಅದೇ ಸ್ಟೇಷನ್‌ನವರು ತಾನೇ?

ಲೀಲಾ: ಹೌದು. ಅದಕ್ಕೇ ತಾಯಿ ಮಗಳನ್ನು ಇಬ್ಬರನ್ನೇ ಕಳಿಸಬೇಡ. ನೀನು ಹೋಗು, ನಾಲ್ಕು ಜನ ಜೊತೆಗೆ ಬರಲಿ. ಎಫ್‌ಐಆರ್ ಕಾಪಿ ಪುಕ್ಕಟೆ ಕೊಡಬೇಕು. ಅದು ಕೈಗೆ ಬರುವ ತನಕ ಬೆಂಚಿನಿಂದ ಏಳಬೇಡಿ.