ಸಿಪಿ ಮತ್ತು ಫಿಟ್ಸ್ ಇರುವ ಮಗುವನ್ನು ಒಬ್ಬರೇ ದತ್ತು ಪಡೆಯುವಾಗ ಏನೇನು ಕೇಳಿ ತಿಳಿಯಬೇಕು?

ಪ್ರಶ್ನೆ
ನಾಲ್ಕು ವರ್ಷದ ಹೆಣ್ಣುಮಗುವಿನ ಫೈಲ್ ಬಂದಿದೆ. ಸೆರೆಬ್ರಲ್ ಪಾಲ್ಸಿ (ಸಿಪಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತದಲ್ಲಿರದ ಸ್ಥಿತಿ), ಎರಡೂ ಕಾಲು ಬಿಗಿ, ಆಸರೆಯಿಲ್ಲದೆ ನಡೆಯುವುದಿಲ್ಲ, ಇನ್ನೂ ಮಾತಿಲ್ಲ. ಫಿಟ್ಸ್‌ಗೆ ದಿನಕ್ಕೆರಡು ಹೊತ್ತು ಸಿರಪ್. ಮನೆಯಲ್ಲಿ ನಾನೊಬ್ಬಳೇ. ಒಪ್ಪಿಗೆ ಕೊಡುವ ಮೊದಲು ಏನು ಕೇಳಬೇಕು? ಮೊದಲ ತಿಂಗಳುಗಳನ್ನು ಹೇಗೆ ಹೊಂದಿಸಿಕೊಳ್ಳುವುದು? ಕೆಲಸಕ್ಕೆ ಬರುವ ವಿವರ ಬೇಕು.

ಉತ್ತರ 1
ಫೈಲಿನಲ್ಲಿ ಕಾಯಿಲೆಯ ಹೆಸರಿರುತ್ತದೆ, ದಿನಚರಿ ಇರುವುದಿಲ್ಲ. ಈಗ ಮಗುವಿಗೆ ಉಣಿಸುತ್ತಿರುವವರನ್ನೇ ಕೇಳಿ. ನೀರು ಕುಡಿದಾಗ ಕೆಮ್ಮು ಬರುತ್ತದೆಯೇ? ಆಮೇಲೆ ದನಿ ಗೊರಗೊರ ಅನ್ನುತ್ತದೆಯೇ? ಎದೆಯ ಸೋಂಕು ಪದೇ ಪದೇ ಆಗಿದೆಯೇ? ಹೌದಾದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು, ನುಂಗುವ ಪರೀಕ್ಷೆ ಆಗಲೇಬೇಕು. ಒಂದು ಊಟಕ್ಕೆ ಅರ್ಧ ಗಂಟೆ ಮೀರಿದರೂ ತಜ್ಞರಿಗೆ ತೋರಿಸಬೇಕು. ಊಟ ಮಾಡುವ ವಿಡಿಯೋ ಒಂದನ್ನು ದಯವಿಟ್ಟು ಕೇಳಿ ಪಡೆಯಿರಿ. ವರದಿಯಲ್ಲಿ ಬಿಟ್ಟುಹೋದದ್ದು ಅದರಲ್ಲಿ ಕಾಣುತ್ತದೆ.

ಸೊಂಟದ ಎಕ್ಸ್‌ರೇ ಆಗಿದೆಯೇ ನೋಡಿ. ತಾನಾಗಿ ನಡೆಯದ ಮಕ್ಕಳಲ್ಲಿ ಬಿಗಿಯಾದ ಸ್ನಾಯುಗಳು ತೊಡೆಮೂಳೆಯ ತಲೆಯನ್ನು ಕೀಲಿನಿಂದ ಮೆಲ್ಲಗೆ ಹೊರಗೆಳೆಯುತ್ತವೆ. ಮೊದಮೊದಲು ನೋವಿರುವುದಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಕಿವಿ, ಕಣ್ಣು ಎರಡನ್ನೂ ಪರೀಕ್ಷಿಸಿರಬೇಕು. ಮಾತು ಬಾರದ ಮಗುವಿಗೆ ಕೇಳಿಸದೆಯೂ ಇರಬಹುದು.

ಉತ್ತರ 2
ಸಿರಪ್ಪಿನ ಡೋಸನ್ನು ಬರೀ ಮಿ.ಲೀ. ಲೆಕ್ಕದಲ್ಲಿ ಬರೆದುಕೊಂಡು ಬರಬೇಡಿ. ಒಂದೇ ಔಷಧ ಬೇರೆ ಬೇರೆ ಗಾಢತೆಯಲ್ಲಿ ಸಿಗುತ್ತದೆ. 5 ಮಿ.ಲೀ.ಗೆ 200 ಮಿ.ಗ್ರಾಂ ಇರುವ ಬಾಟಲಿಯ ಬದಲು 1 ಮಿ.ಲೀ.ಗೇ 200 ಮಿ.ಗ್ರಾಂ ಇರುವುದು ಕೈಗೆ ಬಂದರೆ ಅದೇ ಅಳತೆಗೆ ಐದು ಪಟ್ಟು ಔಷಧ ಹೋಗುತ್ತದೆ. ಹೆಸರು, ಗಾಢತೆ, ಮಿ.ಗ್ರಾಂ, ಮಿ.ಲೀ., ಕೊನೆಯ ಡೋಸ್ ಕೊಟ್ಟ ಹೊತ್ತು, ಎಲ್ಲವನ್ನೂ ಬರೆಸಿಕೊಳ್ಳಿ. ಅಳೆಯಲು ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ. ಒಂದು ತಿಂಗಳ ಔಷಧ ಕೈಯಲ್ಲಿದ್ದರೆ ಮಾತ್ರ ಮಗುವನ್ನು ಕರೆತನ್ನಿ. ಔಷಧ ಒಮ್ಮೆಲೇ ನಿಂತರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ. ತೂಕ ಏರಿದಂತೆ ಹಳೆಯ ಡೋಸ್ ಸಾಲದೆ ಹೋಗಬಹುದು, ಆದ್ದರಿಂದ ಪ್ರತಿ ಭೇಟಿಯಲ್ಲೂ ತೂಕ ನೋಡಿಸಿ.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಇಡಬೇಡಿ. 5 ನಿಮಿಷ ದಾಟಿದರೆ ಅದು ತುರ್ತು. ಆಗ ಫಿಟ್ಸ್ ನಿಲ್ಲಿಸಲು ಕೊಡುವ ಮಿಡಾಜೊಲಾಮ್ ಎಂಬ ಔಷಧ ಈ ಮಗುವಿಗೆ ಬೇಕೇ, ಎಷ್ಟು ಎಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ.

ಉತ್ತರ 3
ಒಬ್ಬರೇ ಸಾಕುವಾಗ ದೊಡ್ಡ ಅಪಾಯವೆಂದರೆ ಇದೆಲ್ಲವೂ ನಿಮ್ಮೊಬ್ಬರ ತಲೆಯಲ್ಲೇ ಉಳಿಯುವುದು. ನಿಮಗೇ ಜ್ವರ ಬಂದ ರಾತ್ರಿ ಯಾರು ಬರುತ್ತಾರೆ? "ಬೇಕಾದಾಗ ಕರೆಯಿರಿ" ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಿರಿಂಜಿನಲ್ಲಿ ಔಷಧ ಅಳೆದು ತೋರಿಸಬಲ್ಲ ಇಬ್ಬರು ಬೇಕು, ಒಬ್ಬರಾದರೂ ಅರ್ಧ ಗಂಟೆಯೊಳಗೆ ಬಂದು ತಲುಪುವಷ್ಟು ಹತ್ತಿರದಲ್ಲಿರಬೇಕು. ಡೋಸ್, ಫಿಟ್ಸ್ ಬಂದಾಗಿನ ಕ್ರಮ, ವೈದ್ಯರ ಫೋನ್, ಇವು ಒಂದೇ ಹಾಳೆಯಲ್ಲಿ ಬಾಗಿಲ ಹಿಂದೆ ಅಂಟಿರಲಿ.

ಪ್ರಶ್ನೆ ಕೇಳಿದವರು
ಮಗು ನನ್ನನ್ನು ಹಚ್ಚಿಕೊಳ್ಳಲೆಂದು ಮೊದಮೊದಲು ಬೇರೆಯವರು ಉಣಿಸಬಾರದು, ಎತ್ತಿಕೊಳ್ಳಬಾರದು ಅಂತಾರಲ್ಲ? ಹಾಗಿದ್ದರೆ ಇನ್ನೊಬ್ಬರಿಗೆ ಕಲಿಸುವುದು ಹೇಗೆ?

ಉತ್ತರ 3
ಕೆಲಸ ಹಂಚಿ. ಉಣಿಸುವುದು, ಮಲಗಿಸುವುದು, ಅತ್ತಾಗ ಸಮಾಧಾನ ಮಾಡುವುದು ನಿಮ್ಮ ಪಾಲಿಗಿರಲಿ. ಅಡುಗೆ, ಬಟ್ಟೆ, ಔಷಧ ತರುವುದು ಅವರಿಗೆ. ಅವರು ನಿಮ್ಮ ಪಕ್ಕದಲ್ಲೇ ಕೂತು ನೋಡಿ ಕಲಿಯಲಿ. ಔಷಧ ಅಳೆಯುವ ಅಭ್ಯಾಸ ಬರೀ ನೀರಿನಲ್ಲಿ ನಡೆಯಲಿ. ಮಗು ಬಂದವರ ಮಡಿಲಿಗೆಲ್ಲ ನಗುತ್ತ ಹೋದರೆ ಹೊಂದಿಕೊಂಡಿದೆ ಅಂದುಕೊಳ್ಳಬೇಡಿ. ಆರೈಕೆಯ ಕೈಗಳು ಬದಲಾಗುತ್ತಲೇ ಇದ್ದ ಮಕ್ಕಳಲ್ಲಿ ತನ್ನವರು ಯಾರು ಎಂಬುದು ಇನ್ನೂ ಗಟ್ಟಿಯಾಗಿರುವುದಿಲ್ಲ. ನೋವಾದಾಗ ನಿಮ್ಮನ್ನೇ ಹುಡುಕುತ್ತದೆಯೇ, ಅದನ್ನು ಗಮನಿಸಿ.

ಉತ್ತರ 1
ಒಂದು ಮಾತು ಬಿಟ್ಟಿದ್ದೆ. ಕಾಲಿಗೆ ಸ್ಪ್ಲಿಂಟ್ (ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಪಟ್ಟಿ) ಇದ್ದರೆ ಬಿಚ್ಚಿದಾಗಲೆಲ್ಲ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಅದು ಒತ್ತುತ್ತಿದೆ, ಸರಿಮಾಡಿಸುವವರೆಗೆ ಹಾಕಬೇಡಿ. ಮಾತು ಬಾರದ ಮಗು ಚುಚ್ಚುತ್ತಿದೆ ಎಂದು ಹೇಳುವುದಿಲ್ಲ, ಊಟ ಬಿಡುತ್ತದೆ ಅಥವಾ ರಾತ್ರಿ ಅಳುತ್ತದೆ.