ಹೊಸ ಕ್ಯಾನ್ವಾಸ್ ಟೆಂಟ್, ಹೊಲಿಗೆಯಲ್ಲಿ ನೀರು ಜಿನುಗುತ್ತಿದೆ

ಮೂಡಿಗೆರೆ ತೋಟದಮನೆ:
ನಮಸ್ಕಾರ. ಹೋಂಸ್ಟೇ ಪಕ್ಕ ಹಾಕೋಣ ಅಂತ ಹತ್ತಿ ಕ್ಯಾನ್ವಾಸ್ ಟೆಂಟ್ ತರಿಸಿದ್ದೇವೆ. ನಡುವೆ ಒಂದೇ ಕಂಬ, ಸುತ್ತ ಗೂಟ. ಮೊನ್ನೆಯ ಹೂಮಳೆಗೆ ಹೊಲಿಗೆಗುಂಟ ನೀರು ಜಿನುಗಿ ಹಾಸಿಗೆಯ ಒಂದು ಮೂಲೆ ನೆನೆಯಿತು. ಬಟ್ಟೆಯಲ್ಲಿ ಎಲ್ಲೂ ತೂತಿಲ್ಲ. ವಾಪಸ್ ಕಳಿಸಬೇಕಾ? ಇನ್ನೊಂದು, ಜೂನ್ ಬಂದರೆ ನಮ್ಮಲ್ಲಿ ವಾರಗಟ್ಟಲೆ ಬಿಸಿಲೇ ಕಾಣಲ್ಲ. ಟೆಂಟನ್ನು ಹಾಗೇ ಬಿಡೋದಾ, ಬಿಚ್ಚಿಡೋದಾ?

ಕುಂದಾಪುರ ಶಾಮಿಯಾನ:
ವಾಪಸ್ ಕಳಿಸಬೇಡಿ ಮಾರಾಯ್ರೆ. ಹೊಸ ಹತ್ತಿ ಕ್ಯಾನ್ವಾಸ್ ಇರೋದೇ ಹಾಗೆ. ಸೂಜಿ ಹೋದ ಕಡೆ ಸಣ್ಣ ತೂತು ಉಳಿದಿರುತ್ತದೆ. ಬಟ್ಟೆಯ ಎಳೆ ನೀರು ಕುಡಿದು ಉಬ್ಬಿದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳ್ಳೆ ಬಿಸಿಲಿರುವ ದಿನ ಪೈಪ್ ಹಿಡಿದು ಪೂರ್ತಿ ತೋಯಿಸಿ. ಹೊಲಿಗೆ ಮೇಲೆ ಜಾಸ್ತಿ ಬಿಡಿ. ನಿಂತಲ್ಲೇ ಒಣಗಲಿ. ಹೀಗೆ ಎರಡು ಮೂರು ಸಲ. ಆಮೇಲೂ ಎಲ್ಲಾದರೂ ತೊಟ್ಟಿಕ್ಕಿದರೆ ಆ ಜಾಗಕ್ಕೆ ಮಾತ್ರ ಜೇನುಮೇಣ ಉಜ್ಜಿ.

ನೆನೆದಾಗ ಬಟ್ಟೆ ಬಿಗಿಯುತ್ತದೆ. ಹಗ್ಗ ನೂಲಿನದಾದರೆ ಅದೂ ಬಿಗಿಯುತ್ತದೆ. ರಾತ್ರಿ ಮಳೆ ಬರುವ ಹಾಗಿದ್ದರೆ ಮಲಗುವ ಮುಂಚೆ ಹಗ್ಗ ತುಸು ಸಡಿಲ ಮಾಡಿ. ಇಲ್ಲದಿದ್ದರೆ ಗೂಟ ಕಿತ್ತು ಬರುತ್ತದೆ, ಅಥವಾ ರಿಂಗಿನ ಹತ್ತಿರ ಬಟ್ಟೆ ಹರಿಯುತ್ತದೆ. ಗಾಳಿ ಇದ್ದರೆ ಮಾತ್ರ ಜಾಸ್ತಿ ಸಡಿಲ ಬೇಡ.

ಮಳೆಗಾಲಕ್ಕೆ ಬಿಚ್ಚಿಡಿ, ಎರಡು ಮಾತಿಲ್ಲ. ನಮ್ಮ ಕಡೆ ಯಕ್ಷಗಾನದ ಡೇರೆ ಮೇಳಗಳೂ ನವೆಂಬರ್ ಹೊತ್ತಿಗೆ ಹೊರಟು ಮೇ ತಿಂಗಳಲ್ಲಿ ತಿರುಗಾಟ ಮುಗಿಸುತ್ತವೆ. ಮಳೆ ಹಿಡಿಯುವ ಮೊದಲೇ ಡೇರೆ ಕೆಳಗೆ. ಆದರೆ ಮಡಚುವ ಮುಂಚೆ ಸರಿಯಾಗಿ ನೋಡಿ. ಮೇಲೆ ಕೈಯಾಡಿಸಿದರೆ ಒಣಗಿದಂತೆಯೇ ಇರುತ್ತದೆ, ನಂಬಬೇಡಿ. ನಾಲ್ಕು ಪದರ ಸೇರಿದ ಹೊಲಿಗೆ, ನೆಲಕ್ಕೆ ತಾಗುವ ಅಂಚು, ಜಿಪ್ಪಿನ ಹಿಂದಿನ ಪಟ್ಟಿ, ಇಷ್ಟನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ತಣ್ಣಗಿದ್ದರೆ ಇನ್ನೂ ಪಸೆ ಇದೆ ಅಂತ. ಹಾಗೇ ಮಡಚಿಟ್ಟರೆ ಎರಡು ದಿನಕ್ಕೇ ಬೂಷ್ಟು ಶುರು.

ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಸೌದೆ ಒಲೆ ಇರುವ ಮನೆಯಾದರೆ ಅಡುಗೆಮನೆ ಪಕ್ಕದ ಅಟ್ಟದಲ್ಲಿಡಿ, ಬೆಚ್ಚಗಿರುತ್ತದೆ. ಇಲಿ ಕಾಟ ಇದ್ದರೆ ಜಂತೆಯಿಂದ ತಂತಿಯಲ್ಲಿ ತೂಗುಹಾಕಿ.

ಚಾರಣದ ಹುಚ್ಚು:
ನನ್ನ ಹಳೇ ಟೆಂಟಿಗೆ ಆಗಲೇ ಕಪ್ಪು ಚುಕ್ಕೆ ಬಂದಿದೆ. ಸೋಪಿನ ಪುಡಿ ಹಾಕಿ ತೊಳೆದರೆ ಆಗುತ್ತಾ? ಬ್ಲೀಚಿಂಗ್?

ಕುಂದಾಪುರ ಶಾಮಿಯಾನ:
ಅಯ್ಯೋ, ಎರಡೂ ಬೇಡ. ಸೋಪಿಗೆ ನೀರು ತಡೆಯುವ ಲೇಪ ಹೋಗುತ್ತದೆ, ಬ್ಲೀಚಿಗೆ ನೂಲೇ ಸೋಲುತ್ತದೆ. ಕಾರು ತೊಳೆಯುವ ಪ್ರೆಶರ್ ಪೈಪ್ ಕೂಡ ಬೇಡ. ಮೊದಲು ಪೂರ್ತಿ ಒಣಗಿಸಿ, ಮೆತ್ತನೆ ಬ್ರಷ್ಷಿನಲ್ಲಿ ಬೂಷ್ಟು ಉದುರಿಸಿ. 1 ಪಾಲು ಬಿಳಿ ವಿನೆಗರ್, 4 ಪಾಲು ನೀರು ಬೆರೆಸಿ ಒರೆಸಿ, ಬಿಸಿಲಿಗೆ ಬಿಡಿ. ಕಲೆ ಪೂರ್ತಿ ಹೋಗಲ್ಲ. ಇರಲಿ ಬಿಡಿ, ಚುಕ್ಕೆ ಇದ್ದ ಮಾತ್ರಕ್ಕೆ ಸೋರಲ್ಲ. ಒರೆಸಿದ ಜಾಗದಲ್ಲಿ ನೀರು ಹನಿಯಾಗಿ ಉರುಳದೆ ಇಂಗಿದರೆ, ಕ್ಯಾನ್ವಾಸಿಗೆ ಅಂತಲೇ ಸಿಗುವ ವಾಟರ್‌ಪ್ರೂಫ್ ದ್ರಾವಣ ಹಚ್ಚಿ.

ಮೂಡಿಗೆರೆ ತೋಟದಮನೆ:
ತುಂಬಾ ಥ್ಯಾಂಕ್ಸ್ ಸರ್. ನೆರಳಿರಲಿ ಅಂತ ಹಲಸಿನ ಮರದ ಕೆಳಗೆ ಹಾಕಿದ್ದೇವೆ. ಪರವಾಗಿಲ್ವಾ?

ಕುಂದಾಪುರ ಶಾಮಿಯಾನ:
ಹಲಸಿನ ಮರವಾ! ಮೇಣ ಬಿದ್ದರೆ ಬಿಡಿಸೋರು ಯಾರು? ಹಕ್ಕಿ ಹಿಕ್ಕೆ ಬೇರೆ. ಮಳೆ ನಿಂತ ಮೇಲೂ ಎಲೆಯಿಂದ ಹನಿ ಬೀಳುತ್ತಲೇ ಇರುತ್ತದೆ, ಬಟ್ಟೆ ಆರಲ್ಲ. ಬೆಳಗಿನ ಬಿಸಿಲು ನೇರ ಬೀಳುವ ಕಡೆ, ಸ್ವಲ್ಪ ಏರು ಜಾಗಕ್ಕೆ ಸರಿಸಿ. ಮಧ್ಯಾಹ್ನದ ಮೇಲೆ ನೆರಳು ಬಂದರೆ ಇನ್ನೂ ಒಳ್ಳೆಯದು.